ಖಾಲಿ ಊರಾಗ ಮಧ್ಯಾಹ್ನದ ಗುಳಿಗಿ

ಕರ ಬದುಕಿತು. ತಾನೇ ಎದ್ದು ನಿಂತು ತಾಯಿ ಕೆಚ್ಚಲಿಗೆ ಗುಮ್ಮಿತು, ಎಮ್ಮಿ ಹಾಲು ಇಳಿಸಿತು, ನನ್ನ ಮೊಮ್ಮಗಳು ಹೊಟ್ಟಿ ತುಂಬ ಕುಡಿದು ತೇಗಿದಳು. ನಾಕು ಅಕ್ಷರ ಕಲಿತದ್ದು ಇದನ್ನ ಬರೀಲಿಕ್ಕೇ ಇರಬೇಕು ಅನಸ್ತದ. ಮೊದಲು ಸಂತೋಷ ಹೇಳಿಬಿಟ್ಟೆ, ಇನ್ನ ಅಂಜಿಕಿ ಹೇಳ್ತೀನಿ.

ನಿಜಾಮರ ಆಳಿಕಿ ಕಾಲ, ನಮ್ಮದು ಕಮಲಾಪುರ. ಸೊಸಿಗೆ ಎದಿಹಾಲು ಬತ್ತಿತ್ತು. ಕೂಸಿಗೆ ನಮ್ಮ ಎಮ್ಮಿ ಹಾಲೊಂದೇ ಒಗ್ಗತಿತ್ತು, ಬ್ಯಾರೆ ಹಾಲು ಹಾಕಿದರ ಕಕ್ಕತಿತ್ತು. ಆ ಎಮ್ಮಿಯೋ, ಕರ ಬಾಯಿ ಹಚ್ಚದೆ ಒಂದು ಹನಿ ಇಳಸತಿರಲಿಲ್ಲ. ಅಂಥಾದ್ದರಾಗ ಕರಕ್ಕ ರಕ್ತಭೇದಿ ಹತ್ತಿ ನೆಲ ಹಿಡೀತು. ಅದು ಹೋದರ ಕೂಸಿನ ಗತಿ ಏನು? ಮಗ ಕಲಬುರ್ಗಿಯ ದನದ ದವಾಖಾನಿಗೆ ಹೋಗಿ ಸಲ್ಫಾ ಗುಳಿಗಿ ತಂದ. ಮುಂಜಾನಿ, ಮಧ್ಯಾಹ್ನ, ಸಂಜಿ ಅರೆದು ನೀರಿನಾಗ ಕುಡಸಬೇಕು, ಒಂದು ಹೊತ್ತು ತಪ್ಪಿದರೂ ಬ್ಯಾನಿ ತಿರುಗಿ ಏಳ್ತದ ಅಂತ ಡಾಕ್ಟರ್ ಸಾಹೇಬರು ಹೇಳಿ ಕಳಿಸಿದ್ದರು.

ಗುಳಿಗಿ ಇನ್ನೂ ನಡೆದಿತ್ತು, ಅಷ್ಟರಾಗ ಹೊರಬೀಡು ಬಂತು. ದನಕ್ಕ ಬ್ಯಾನಿ ಹೆಚ್ಚಾದರ ಊರಿಗೆ ಊರೇ ಒಂದು ದಿನ ಮನಿ ಬಿಟ್ಟು ಹೊಲದಾಗ ಇರತದ. ಊರಾಗ ಒಲಿ ಉರೀಬಾರದು, ಮನುಷ್ಯರ ಉಸಿರು ಇರಬಾರದು. ಬ್ಯಾನಿ ಓಣಿ ಓಣಿ ತಿರುಗಿ, ಯಾರೂ ಸಿಗದೆ ಹೊಂಟು ಹೋಗಬೇಕು. ಬ್ಯಾನಿ ಬಿದ್ದ ದನ ಅಷ್ಟೇ ಒಳಗ. ಹೊತ್ತು ಮುಳುಗೋತನಕ ಯಾರೂ ಊರ ಬಾಗಿಲಿಗೆ ಕಟ್ಟಿದ ಬೇವಿನ ತೋರಣ ದಾಟಂಗಿಲ್ಲ. ಆ ತೋರಣ ಕಟ್ಟಿದವರು ನಮ್ಮ ಮನಿಯವರೇ, ಊರ ಹಿರೇರು. ನಾ ಮಧ್ಯಾಹ್ನದ ಗುಳಿಗಿ ಮಾತು ತೆಗೆದರ, ಒಂದು ಕರದ ಸಲುವಾಗಿ ಊರ ಕಟ್ಟು ಮುರೀಲೇನು ಅಂತ ನಾಕು ಮಂದಿ ಎದುರಿಗೆ ಗದರಿದರು.

ಹೊತ್ತು ನೆತ್ತಿಗೆ ಬಂದಾಗ, ಕಟಗಿ ತರ್ತೀನಿ ಅಂತ ಸುಳ್ಳು ಹೇಳಿ ಹಳ್ಳದ ಹಾದಿ ಹಿಡಿದು ಊರು ಹೊಕ್ಕೆ.

ಮದುವ್ಯಾಗಿ ಬಂದಾಗಿಂದ ತುಳಿದ ಓಣಿ, ಅವತ್ತು ನನ್ನ ಗುರುತೇ ಇಲ್ಲ ಅನ್ನೋಹಂಗ ಬಿದ್ದಿತ್ತು. ಒಂದು ನಾಯಿ ಇಲ್ಲ, ಒಂದು ಕೆಮ್ಮಿಲ್ಲ. ಗಾಳಿ ಇರಲಿಲ್ಲ, ಆದರ ಬಾವಿ ಹಗ್ಗ ತೂಗತಿತ್ತು, ಅದರಿಂದ ನೀರು ತೊಟ್ಟಿಕ್ಕತಿತ್ತು. ಬಳಿ ಸಪ್ಪಳಾಗಬಾರದಂತ ಕೈ ಸೆರಗಿನಾಗ ಸುತ್ತಿಕೊಂಡೆ. ನಾನೇ ಚಿಲಕ ಹಾಕಿದ ನಮ್ಮ ಬಾಗಿಲು ತೆರೆದಿತ್ತು. ಒಳಗ ಕಲ್ಲಿನ ಮ್ಯಾಲೆ ಕಲ್ಲು ಅರೆಯೋ ಸಪ್ಪಳ. ಬ್ಯಾನಿ ನಮ್ಮನ್ಯಾಗೇ ಬಂದು ಕುಂತದ ಅಂತ ಹೊಸ್ತಿಲದಾಗೇ ನಿಂತೆ. ತಿರುಗಿ ಹೋಗಲಿಕ್ಕೆ ಕಣ್ಣ ಮುಂದ ಬಂದ ಕೂಸಿನ ಮಾರಿ ಬಿಡಲಿಲ್ಲ.

ಕೊಟ್ಟಿಗ್ಯಾಗ ಯಾರೋ ಕಂಬಳಿ ಮುಸುಕು ಹಾಕ್ಕೊಂಡು, ಕರದ ತಲಿ ತೊಡಿಮ್ಯಾಲಿಟ್ಟುಕೊಂಡು ಕುಂತಿದ್ದರು. ಮುಸುಕು ನನ್ನ ಕಡೆ ಹೊಳ್ಳಿತು. ನಮ್ಮ ಮನಿಯವರು. ಮಗ್ಗಲಿಗೆ ನೀರಿನ ಕೊಡ, ಬೆರಳಿಗೆಲ್ಲ ಬಿಳಿ ಪುಡಿ.

"ತೋರಣ ಕಟ್ಟಿದವರು ನೀವಲ್ಲೇನ್ರಿ?" ಅಂದೆ.

"ಸುಮ್ನ ಅದರ ಬಾಯಿ ಅಗಲಿಸಿ ಹಿಡಿ. ನಾನೂ ಬಂದಿಲ್ಲ, ನೀನೂ ಬಂದಿಲ್ಲ."

ಕುಡಿಸಿ ಹೊರಬಿದ್ದಾಗ ಹಿಂದ ಓಣ್ಯಾಗ ಮೆಲ್ಲಕ ಹೆಜ್ಜಿ ಸಪ್ಪಳಾತು. ಇಬ್ಬರಿಗೂ ಕೇಳಿತು. ಇಬ್ಬರೂ ಹೊಳ್ಳಿ ನೋಡಲಿಲ್ಲ.

ಸಂಜಿಗೆ ಊರು ತಿರುಗಿ ಬಂದಾಗ ಕರ ಎದ್ದು ನಿಂತಿತ್ತು. ಹೊಸ ಬೆಂಕಿ ಹೊತ್ತಿಸಿ ರೊಟ್ಟಿ ಬಡಿದೆ, ಪುಂಡಿಪಲ್ಯ ಮಾಡಿದೆ. ಎಲ್ಲರೂ ಸಾಲಾಗಿ ಕುಂತರು. ಕರ ಎದ್ದದ್ದು ಗುಳಿಗಿಯಿಂದ ಅಂತ ಮಗ, ಹೊರಬೀಡಿನಿಂದ ಅಂತ ಸೊಸಿ. ಯಾವುದರಿಂದ ಅಂತ ಮನಿಯವರನ್ನ ಕೇಳಿದರ ಅವರು ಗಂಭೀರಾಗಿ ಊರ ಕಟ್ಟಿನಿಂದ ಅಂತ ಹೇಳಿ ರೊಟ್ಟಿಗೆ ಕೈ ಚಾಚಿದರು.

"ಮೊದಲು ಕೈ ತೊಳಕೊಂಡು ಬರ್ರಿ," ಅಂದೆ.

ಅವರು ಬೆರಳು ನೋಡಿಕೊಂಡು ಎದ್ದು ಹೋದರು. ಬಂದು ಕುಂತ ಮ್ಯಾಲೆ ಅವರ ರೊಟ್ಟಿಗೆ ಒಂದು ಮುದ್ದಿ ಬೆಣ್ಣಿ ಹೆಚ್ಚಿಗೆ ಇಟ್ಟೆ. ಕೂಸು ಮಲಗಿತ್ತು. ನಾವೆಲ್ಲ ಕೂಡಿ ಉಂಡಿವಿ.