ಧಾರೆಯ ಹೊತ್ತಿನ ಸ್ವರ

ಊದುವಾಗ ಅವರ ಎಡಗೆನ್ನೆ ಬಲಗೆನ್ನೆಗಿಂತ ಹೆಚ್ಚು ಉಬ್ಬುತ್ತಿತ್ತು. ಬಲಗೆನ್ನೆಯೇ ಇರಬಹುದು, ಎದುರು ನಿಂತು ನೋಡಿದವಳ ನೆನಪಿನಲ್ಲಿ ಎಡಬಲ ಅದಲುಬದಲಾಗಿರಬಹುದು. ಶೆಟ್ಟಿಕೊಪ್ಪದಲ್ಲಿ ನಮ್ಮ ಪಕ್ಕದ ಮನೆಯವರು, ನಾಗಸ್ವರ ಊದುವವರು. ನಮಗೆಲ್ಲ ವಾಲಗದ ಮಾವ. ಮದುವೆಗಳಲ್ಲಿ ಧಾರೆಯ ಹೊತ್ತಿಗೆ ಒಂದು ಉದ್ದನೆಯ ಸ್ವರ ಎಬ್ಬಿಸುತ್ತಿದ್ದರು. ಮುಗಿಯಿತು ಅನ್ನಿಸಿದಲ್ಲಿ ಅದು ಇನ್ನೂ ಮೇಲಕ್ಕೆ ಹೋಗುತ್ತಿತ್ತು.

ಕಣ್ಣಿನೊಳಗೆ ಒತ್ತಡ ಏರುವ ಕಾಯಿಲೆಯಿಂದ ಅವರ ಒಂದು ಕಣ್ಣು ಹೋಗಿತ್ತು. ಇನ್ನೊಂದೂ ಮಂಜಾಗುತ್ತಿತ್ತು. ಆಸ್ಪತ್ರೆಯಲ್ಲಿ ಅಳೆದಾಗಲೆಲ್ಲ ಒತ್ತಡ ಸರಿಯಾಗಿಯೇ ಇರುತ್ತಿತ್ತು, ಏರುವುದು ಯಾವಾಗ ಎಂದೇ ತಿಳಿಯುತ್ತಿರಲಿಲ್ಲ. ಕೊನೆಗೆ ಘಟ್ಟದ ಕೆಳಗಿನ ಆಸ್ಪತ್ರೆಯೊಂದರ ಪ್ರಯೋಗಕ್ಕೆ ಒಪ್ಪಿ, ಅಕ್ಕಿಕಾಳಿಗಿಂತ ಚಿಕ್ಕದಾದ, ತಂತಿಯಿಲ್ಲದ ರೋಬೋ ಒಂದನ್ನು ಉಳಿದ ಕಣ್ಣಿನೊಳಗೆ ಇಡಿಸಿಕೊಂಡು ಬಂದರು. ಅದನ್ನು ಹೊರಗಿನಿಂದಲೇ ಆಯಸ್ಕಾಂತ ಹಿಡಿದು ಜಾಗಕ್ಕೆ ಸರಿಸಿದರಂತೆ. ಅಂಗೈಯಗಲದ ಯಂತ್ರವನ್ನು ಹುಬ್ಬಿನ ಹತ್ತಿರ ತಂದರೆ ಸಾಕು, ಒತ್ತಡ ಎಷ್ಟೆಂದು ತೋರಿಸುತ್ತಿತ್ತು.

"ನನ್ನ ಹೆಂಡ್ತಿಗೂ ಗೊತ್ತಾಗದ್ದು ಇದಕ್ಕೆ ಗೊತ್ತಾಗ್ತದೆ ಮಾರಾಯ್ತಿ," ಎಂದು ನನಗೆ ತೋರಿಸಿದರು.

"ನಿಮ್ಮ ಒತ್ತಡ ನೋಡೋಕೆ ನಂಗೆ ಮಿಷನ್ ಬೇಡ," ಅತ್ತೆಯ ದನಿ ಅಡುಗೆಮನೆಯಿಂದ ಬಂತು.

ಒಂದು ದಿನ ಊದಿ ಮುಗಿಸುತ್ತಲೇ ಅಳೆದರು. ಅಂಕಿ ಜಿಗಿದಿತ್ತು. ಮತ್ತೆ ಊದಿದರು, ಮತ್ತೆ ಜಿಗಿಯಿತು. ಇನ್ನು ಊದಿದರೆ ಈ ಕಣ್ಣೂ ಹೋಗುತ್ತದೆ ಎಂದರು ಡಾಕ್ಟರು. ಮಾವ ನಾಗಸ್ವರವನ್ನು ಮಗನಿಗೆ ಕೊಟ್ಟು ತಾವು ತಾಳ ಹಿಡಿದರು. "ಕಣ್ಣು ಉಳಿದ್ರೆ ಇವನ ಬೆರಳು ತಪ್ಪೋದು ನೋಡಿ ಬೈಬಹುದಲ್ಲ!"

ಕೊಪ್ಪದ ಛತ್ರದಲ್ಲಿ ನನ್ನ ಮದುವೆ. ಅಂತರಪಟದ ಈಚೆ ತಲೆ ತಗ್ಗಿಸಿ ನಿಂತಿದ್ದೆ. ಸ್ವರ ಎದ್ದಿತು. ಮುಗಿಯಿತು ಅನ್ನಿಸಿದಲ್ಲಿ ಮೇಲಕ್ಕೆ ಹೋಯಿತು. ಪಟ ಸರಿದಾಗ ಮಾವನ ಕೈಯಲ್ಲಿ ತಾಳವೇ ಇತ್ತು. ವಿಡಿಯೋದಲ್ಲಿ ನೋಡೋಣವೆಂದರೆ ಆಗ ಕ್ಯಾಮೆರಾ ನಮ್ಮಿಬ್ಬರ ಮೇಲಿದೆ.

ಊಟಕ್ಕೆ ಕೂತಿದ್ದ ಮಾವನನ್ನು ಕೇಳಿದೆ. "ಮಾವ, ಊದಿದ್ದು ಯಾರು?"

"ಮಗ. ಕಲ್ತ ನೋಡು!"

"ಹಾಗಾದ್ರೆ ಒತ್ತಡ ನೋಡಿ, ಎಷ್ಟಿದೆ?"

"ಆ ಮಿಷನ್ ಮನೇಲಿ ಬಿಟ್ಟು ಬಂದೆ ಮಾರಾಯ್ತಿ. ಮದುವೇಲಿ ಅದೆಂತಕ್ಕೆ?"

ಬೇರೆಲ್ಲಿಗೆ ಹೋದರೂ ಅದು ಅವರ ಜೇಬಿನಲ್ಲಿರುತ್ತಿತ್ತು.

ಕಳೆದ ವರ್ಷ ಹೃದಯಾಘಾತವಾಗಿ ಹೋದರು. ಅದರ ಹಿಂದಿನ ದಿನವೂ ಜಗಲಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಕಣ್ಣು ಉಳಿದಿತ್ತು, ಆ ಒಂದು ವಿಷಯದಲ್ಲಿ ನನ್ನ ನೆನಪನ್ನು ನಾನು ನಂಬುತ್ತೇನೆ. ಮಗ ಈಗಲೂ "ನಾನೇ ಊದಿದ್ದು ಅಕ್ಕಾ" ಎನ್ನುತ್ತಾನೆ. ಆಮೇಲೆ ಎಷ್ಟೋ ಮದುವೆಗಳಲ್ಲಿ ಅವನು ಊದುವುದನ್ನು ಕೇಳಿದ್ದೇನೆ. ಆ ಸ್ವರ ಅಷ್ಟು ಮೇಲಕ್ಕೆ ಹೋಗಿಲ್ಲ.

ಧಾರೆಯ ಹೊತ್ತಿಗೆ ನನ್ನ ಪಕ್ಕದಲ್ಲಿ, ವಾಲಗದವರ ಕಡೆ ಮುಖ ಮಾಡಿ ನಿಂತಿದ್ದವಳು ಅಮ್ಮ. ಮೊನ್ನೆ ಅವಳನ್ನು ಕೇಳಿದೆ.

"ಅಮ್ಮಾ, ಆವತ್ತು ಊದಿದ್ದು ಮಾವ ಅಲ್ವಾ?"