ಖಾಲಿ ಬಂದ ಕೂಸಿನ ಗಾಡಿ

ಮಾನ್ವಿ, ಮಹಾಯುದ್ಧ ಮುಗಿದ ಮರುವರ್ಷ. ಬೇವಿನ ಮರದಡಿ ಪೋತ್ನಾಳದ ಬಸ್ಸಿಗೆ ಕಾಯುತ್ತಿದ್ದೇನೆ. ಮಡಿಲಲ್ಲಿ ಎಳೆಯ ಮಗಳು, ಪಕ್ಕದಲ್ಲಿ ಮುಂಬಯಿಯಿಂದ ತಂದ ಅವಳ ತಳ್ಳುಗಾಡಿ. ಹೈದರಾಬಾದಿನವರೆಗೆ ವಿಮಾನದಲ್ಲಿ ಬಂದೆವೆಂದಾಗ ಮಿರ್ಚಿ ಕರಿಯುವ ಅಜ್ಜಿ ಗಾಡಿಯನ್ನೇ ನೋಡಿದಳು.

"ವಿಮಾನದಾಗ ಕೂಸು ಇದರಾಗ ಮಲಗಿತ್ತೇನ್ರೀ ಯವ್ವಾ?"

"ಇಲ್ಲವ್ವಾ, ನನ್ನ ತೊಡಿ ಮ್ಯಾಲಿತ್ತು. ಗಾಡಿ ಸಾಮಾನಿನ ಜೋಡಿ ಹಿಂದ ಇಟ್ಟಿದ್ರು."

"ಖಾಲಿ?"

"ಖಾಲಿ."

"ತೂಗ್ಯಾಡಿತ್ತೇನು?"

ದಾರಿಯುದ್ದಕ್ಕೂ ವಿಮಾನವೇ ತೂಗಾಡಿತ್ತು. ಹೌದು ಎಂದೆ.

ಖಾಲಿ ತೊಟ್ಟಿಲು ತೂಗಬಾರದು, ತೂಗಿದರೆ ಕಾಣದ ಕೂಸೊಂದು ಬಂದು ಮಲಗುತ್ತದೆ ಎಂದು ನನ್ನವ್ವನೂ ಹೇಳುತ್ತಿದ್ದಳು. ಮೋಡದ ಮೇಲೆ ಅದು ನೆನಪಾಗಲಿಲ್ಲ. ನಮ್ಮಲ್ಲಿ ಹೆಸರಿಡುವ ದಿನ ಕೂಸಿಗಿಂತ ಮೊದಲು ತೊಟ್ಟಿಲಿಗೆ ಗುಂಡುಕಲ್ಲು ಹಾಕುತ್ತಾರೆ. ಅಜ್ಜಿ ಖಾರ ಅರೆಯುವ ಗುಂಡುಕಲ್ಲನ್ನು ಸೆರಗಿನಲ್ಲಿ ಒರೆಸಿ ತಂದಳು. ಗಾಡಿಯ ಮೇಲೆ ಬಾಗಿದವಳು ಹಾಗೇ ನಿಂತಳು. ಮಲಗಿದ ಮಗುವನ್ನು ಪಕ್ಕಕ್ಕೆ ಸರಿಸುವಂತೆ ಬರಿಯ ಹಾಸಿಗೆಯ ಮೇಲೆ ಮೆಲ್ಲಗೆ ಕೈಯಾಡಿಸಿದಳು.

"ಸ್ವಲ್ಪ ಸರಿ ನನ್ನವ್ವಾ."

ಆಮೇಲೆ ಕಲ್ಲನ್ನು ಅಂಚಿಗೆ ಇಟ್ಟು ಒಲೆಯ ಕಡೆ ಹೋದಳು.

ಬಸ್ಸು ಇನ್ನೂ ಬಂದಿಲ್ಲ. ಹಾಸಿಗೆ ನಡುವೆ ತಗ್ಗಾಗಿದೆ. ಅಂಚಿನ ಗುಂಡನೆಯ ಕಲ್ಲು ಇನ್ನೂ ಆ ತಗ್ಗಿಗೆ ಉರುಳಿಲ್ಲ.