ಫೋನಿನಲ್ಲಿ ನೋವು ಹೇಳುವುದು

ರಾಯಚೂರಿನ ಒಂದು ಚಿಕ್ಕ ನರ್ಸಿಂಗ್ ಹೋಮಿನಲ್ಲಿ ನರ್ಸ್ ಆಗಿ ಸೇರಿದ ಮೊದಲ ವರ್ಷ ನನಗೆ ರೋಗಿಗಳಿಗಿಂತ ಫೋನಿನ ಭಯವೇ ಹೆಚ್ಚಾಗಿತ್ತು. ಹೃದಯದ ಡಾಕ್ಟರು ಹೈದರಾಬಾದಿನಿಂದ ವಾರಕ್ಕೊಮ್ಮೆ ಬರುತ್ತಿದ್ದರು. ಉಳಿದ ದಿನ ವಾರ್ಡಿನ ನರ್ಸೇ ರೋಗಿಯ ಸ್ಥಿತಿಯನ್ನು ಅವರಿಗೆ ಫೋನಿನಲ್ಲಿ ಹೇಳಬೇಕು. ಅವರು ಕೇರಳದ ಕಡೆಯವರು, ಕನ್ನಡ ಬಾರದು, ನಮ್ಮೊಂದಿಗೆ ಇಂಗ್ಲಿಷ್ ಬಿಟ್ಟು ಬೇರೆ ಮಾತಿಲ್ಲ. ನನ್ನೂರು ಗಬ್ಬೂರಿನ ಕನ್ನಡ ಶಾಲೆಯಲ್ಲಿ ಓದಿದ ನಾನು ಇಂಗ್ಲಿಷ್ ಬರೆದು ಪಾಸಾಗಿದ್ದೆನೇ ಹೊರತು ಆಡಿ ಗೊತ್ತಿರಲಿಲ್ಲ.

ಬಿಪಿ, ಪಲ್ಸ್ ಓದಿ ಹೇಳುವುದು ಸುಲಭ. ಆಮೇಲೆ ಅವರು ‘ಹೌ ಈಸ್ ದ ಪೇಷಂಟ್?’ ಎಂದಾಗಲೇ ಕಷ್ಟ. ನನ್ನಲ್ಲಿದ್ದದ್ದು ಎರಡೇ ಉತ್ತರ: ‘ಫೈನ್ ಸರ್’, ಇಲ್ಲವೇ ‘ಪೇನ್ ಸರ್’. ನನ್ನ ಬಾಯಲ್ಲಿ ಎರಡೂ ಒಂದೇ ಥರ ಕೇಳಿಸುತ್ತಿದ್ದವಂತೆ. ಒಂದು ದಿನ ಅವರು ಸಿಟ್ಟಿಗೆದ್ದರು. “ಫೈನ್ ಆರ್ ಪೇನ್? ಡೋಂಟ್ ಯು ಹ್ಯಾವ್ ಎನಿ ಅದರ್ ವರ್ಡ್?” ಸುತ್ತಲಿದ್ದ ರೋಗಿಗಳ ಕಡೆಯವರೆಲ್ಲ ನನ್ನನ್ನೇ ನೋಡುತ್ತಿದ್ದರು.

ನನಗಿಂತ ಹಿರಿಯ ನರ್ಸ್ ಒಬ್ಬಳಿದ್ದಳು. ಶಕ್ತಿನಗರದ ವಿದ್ಯುತ್ ಸ್ಥಾವರದ ಕಾಲೊನಿಯಲ್ಲಿ ಬೆಳೆದವಳು, ಇಂಗ್ಲಿಷ್ ಸರಾಗ. “ನಮ್ಮ ಮಂದಿ ನೋವು ಅಂತ ಸುಮ್ನಿರ್ತಾರೇನು? ಚುಚ್ಚತದ ಅಂತಾರ, ಉರೀತದ ಅಂತಾರ, ಸೆಳೀತದ ಅಂತಾರ. ಇಂಗ್ಲಿಷಿನಾಗೂ ಹಂಗ ಬ್ಯಾರೆ ಬ್ಯಾರೆ ಅದಾವ, ಕಲಿ” ಎಂದಳು. ಚಹಾ ಕುಡಿಯುವಾಗ ದಿನಾ ಎರಡೆರಡು ಹೇಳಿಕೊಟ್ಟಳು. ಚುಚ್ಚಿದರೆ ಸ್ಟ್ಯಾಬಿಂಗ್, ಉರಿದರೆ ಬರ್ನಿಂಗ್. ಬರೀ ಫೈನ್ ಎನ್ನುವ ಬದಲು ‘ಸ್ಲೆಪ್ಟ್ ವೆಲ್’, ‘ಬೆಟರ್ ದ್ಯಾನ್ ಯೆಸ್ಟರ್‌ಡೇ’.

ಭಾನುವಾರ ದೇವದುರ್ಗದ ಬಸ್ಸಿನಲ್ಲಿ ಊರಿಗೆ ಹೋಗುವಾಗಲೂ ಅವನ್ನೇ ಗುನುಗುತ್ತಿದ್ದೆ. ಪಕ್ಕದ ಮುದುಕಿ ಕೇಳಿದಳು, “ಏನು ಜಪ ಮಾಡಾಕತ್ತಿ ಯವ್ವಾ?” ಪರೀಕ್ಷೆ ಇದೆ ಎಂದು ಸುಳ್ಳು ಹೇಳಿದೆ.

ಅದಾಗಿ ಕೆಲವೇ ದಿನ. ಬಿಪಿ ಹೆಚ್ಚಾಗಿ ಮಾನ್ವಿ ಕಡೆಯ ಹಳ್ಳಿಯಿಂದ ಬಂದ ಹೆಂಗಸೊಬ್ಬಳು ದಾಖಲಾಗಿದ್ದಳು. ಮಧ್ಯಾಹ್ನ ನನ್ನ ಕೈ ಹಿಡಿದು, “ಯವ್ವಾ, ಎದಿ ಮ್ಯಾಲ ಬೀಸೋ ಕಲ್ಲು ಇಟ್ಟಂಗ ಆಗ್ಯಾದ” ಎಂದಳು. ಹಣೆಯ ಮೇಲೆ ಬೆವರು. ಡ್ಯೂಟಿ ಡಾಕ್ಟರು ಆಪರೇಷನ್ ಥಿಯೇಟರಿನಲ್ಲಿದ್ದರು. ಇಂಗ್ಲಿಷ್ ಹೇಳಿಕೊಡುತ್ತಿದ್ದ ಗೆಳತಿಗೆ ಅಂದು ರಜೆ. ಹೈದರಾಬಾದಿಗೆ ಫೋನ್ ಹಚ್ಚಿದೆ.

“ವಾಟ್ ಕೈಂಡ್ ಆಫ್ ಪೇನ್?”

“ಚುಚ್ಚತದೇನ್ರೀ?” ಎಂದು ಆಕೆಯನ್ನು ಕೇಳಿದೆ. ಅದರ ಇಂಗ್ಲಿಷ್ ನನಗೆ ಗೊತ್ತಿತ್ತು.

“ಇಲ್ಲ ಬೇ. ಕಲ್ಲು. ಉಸಿರು ತಗೊಳ್ಳಾಕ ಬಿಡವಲ್ದು.”

ಕಲ್ಲಿಟ್ಟಂಥ ನೋವಿಗೆ ನನ್ನ ಬಳಿ ಪದವಿರಲಿಲ್ಲ. ಸ್ಟ್ಯಾಬಿಂಗ್ ಎಂಬುದು ನಾಲಿಗೆಯ ತುದಿಗೇ ಬಂದಿತ್ತು. ಎಷ್ಟೋ ದಿನ ಉರು ಹೊಡೆದ ಪದ, ತಪ್ಪಿಲ್ಲದೆ ಹೇಳಬಲ್ಲೆ, ಅವರು ಬೈಯುವುದಿಲ್ಲ. ಆಕೆಯ ಬೆರಳು ನನ್ನ ಮಣಿಕಟ್ಟನ್ನು ಇನ್ನೂ ಬಿಗಿಯಾಗಿ ಹಿಡಿದವು.

“ಸ್ಟೋನ್ ಸರ್,” ಎಂದೆ. “ಬಿಗ್ ಸ್ಟೋನ್ ಆನ್ ಚೆಸ್ಟ್. ನಾಟ್ ಸ್ಟ್ಯಾಬಿಂಗ್.”

ಬೈಗುಳಕ್ಕೆ ಕಾದೆ. “ಆರ್ಮ್?” ಎಂದರು. ಕೇಳಿದೆ. ಎಡಗೈ ಜೋಮು ಹಿಡಿದಿದೆ ಎಂದಳು. “ಲೆಫ್ಟ್ ಹ್ಯಾಂಡ್ ಸ್ಲೀಪಿಂಗ್, ಸರ್.”

“ಇಸಿಜಿ. ನೌ!”

ಇಸಿಜಿ ತೆಗೆದು ಫೋಟೊ ಕಳಿಸಿದೆ. ಡ್ಯೂಟಿ ಡಾಕ್ಟರು ಓಡಿಬಂದರು. ಹೃದಯದ ಡಾಕ್ಟರು ಫೋನಿನಲ್ಲಿ ಹೇಳಿದ ಗುಳಿಗೆ ಕೊಟ್ಟು, ಅರ್ಧ ಗಂಟೆಯೊಳಗೆ ಆಕೆಯನ್ನು ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಸಾಗಿಸಿದೆವು.

ಮೂರು ದಿನ ಸುದ್ದಿಯಿಲ್ಲ. ನನಗೆ ಅನ್ನ ಸೇರಲಿಲ್ಲ. ನಾಲ್ಕನೆಯ ದಿನ ಆಕೆಯ ಮಗ ಕಾಗದಪತ್ರಕ್ಕೆಂದು ಬಂದ. “ಅವ್ವ ಊಟ ಮಾಡಾಕತ್ಯಾಳ್ರೀ ಸಿಸ್ಟರ್” ಎಂದ. ನಾನು ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

ಆ ವಾರ ಬಂದ ಡಾಕ್ಟರು ವಾರ್ಡಿನಲ್ಲಿ ನಡೆಯುತ್ತಲೇ, “ಹೆವಿನೆಸ್. ದಟ್ಸ್ ದ ವರ್ಡ್” ಎಂದರು. ಗೆಳತಿ ನನ್ನ ಬೆನ್ನು ತಟ್ಟಿದಳು. ಬೈಗುಳ ತಪ್ಪಿಸಿಕೊಳ್ಳಲು ‘ಸ್ಟ್ಯಾಬಿಂಗ್’ ಎಂದೇ ಹೇಳಿಬಿಡಲಿದ್ದೆ ಎಂಬುದನ್ನು ಮಾತ್ರ ಅವಳಿಗೂ ಹೇಳಲಿಲ್ಲ.